ಬಲಗೈ ಸಲಾಮು

ನನ್ನ ತಮ್ಮ ಶಾಬುದ್ದೀನನ ಬಲಗೈ ಸತ್ತು ಆರು ವರ್ಷವಾಗಿತ್ತು. ನಮ್ಮ ಓಣಿಗೆ ಗೊತ್ತಿತ್ತು. ದುರ್ಗದಬೈಲಿನ ಅಂಗಡಿಯವರಿಗೆ ಗೊತ್ತಿತ್ತು. ಅಂಗಡಿಗಳ ಮುಂದೆ ಮಲಗುವ ನಾಯಿಗಳಿಗೂ ಗೊತ್ತಿತ್ತು. ಅವು ಅವನ ಬಲಗಡೆಯಿಂದಲೇ ಬಂದು ರೊಟ್ಟಿ ಕಸಿಯುತ್ತಿದ್ದವು. ಸರಕಾರಕ್ಕೆ ಮಾತ್ರ ಸುದ್ದಿ ಮುಟ್ಟಿರಲಿಲ್ಲ.

ಸತ್ತ ಮನುಷ್ಯನನ್ನು ಒಂದು ಸಲ ನೋಡಿ ಮಣ್ಣು ಮಾಡುತ್ತಾರೆ. ಸತ್ತ ಕೈಯನ್ನು ಸರಕಾರ ಮೂರು ಸಲ ನೋಡಿತು. ಮೂರು ಸಲವೂ ಅರ್ಜಿ ಹಿಂದಕ್ಕೆ ಬಂತು. ‘ಹೆಚ್ಚಿನ ವೈದ್ಯಕೀಯ ತಪಾಸಣೆ ಆಗಬೇಕು’ ಎಂದು ಅದರ ಮೇಲೆ ಬರೆದಿರುತ್ತಿತ್ತು. ನನಗೆ ಅಕ್ಷರ ಬರುವುದಿಲ್ಲ. ಆದರೆ ಆ ಸಾಲು ಹಾಳೆಯ ಮೇಲೆ ಎಲ್ಲಿ ಕೂತಿರುತ್ತದೆ ಎಂದು ಕಣ್ಣು ಮುಚ್ಚಿ ಬೆರಳಿಟ್ಟು ತೋರಿಸಬಲ್ಲೆ.

ನಾವು ಪಿಂಜಾರರು. ಅರಳೆ ಹಿಂಜಿ ಗಾದಿ ತುಂಬುವವರು. ಹುಬ್ಬಳ್ಳಿಯ ಅರ್ಧ ಜನ ನಾವು ತುಂಬಿದ ಗಾದಿಯ ಮೇಲೆ ಮಲಗುತ್ತಾರೆ. ಉಳಿದರ್ಧ ಜನ ಆ ಗಾದಿಯ ಮೇಲೆಯೇ ಹುಟ್ಟಿದ್ದಾರೆ. ನಾವು ಚಾಪೆಯ ಮೇಲೆ ಮಲಗುತ್ತೇವೆ.

ಹಿಂಜುವ ಕೆಲಸ ಬಲಗೈಯ ಕೆಲಸ. ಆಳೆತ್ತರದ ಬಿಲ್ಲು ತೊಲೆಗೆ ಹಗ್ಗದಿಂದ ತೂಗಿರುತ್ತದೆ. ಎಡಗೈ ಅದನ್ನು ಹಿಡಿಯಬೇಕು. ಬಲಗೈ ಮರದ ಕೊಡತಿಯಿಂದ ಬಿಲ್ಲಿನ ತಂತಿಯನ್ನು ಬಡಿಯಬೇಕು. ತಂತಿ ಅರಳೆಯೊಳಗೆ ಮುಳುಗಿ ನಡುಗಿದಾಗ ಗಂಟುಗಂಟಾದ ಅರಳೆ ಬಿಚ್ಚಿ ಹಾರುತ್ತದೆ. ಒಂದು ಗಾದಿಗೆ ಸಾವಿರಾರು ಪೆಟ್ಟು. ಶಾಬುದ್ದೀನ ಹರೆಯದಲ್ಲಿ ದಿನಕ್ಕೆ ಮೂರು ಗಾದಿ ಮುಗಿಸುತ್ತಿದ್ದ. ಅವನು ಬಡಿಯಲು ನಿಂತರೆ ಹಾರಿದ ಅರಳೆ ಧಾರವಾಡದ ಮೇಲೆ ಮೋಡವಾಗಿ ನಿಲ್ಲುತ್ತಿತ್ತು. ಅಲ್ಲಿಯ ಹೆಂಗಸರು ಒಣಹಾಕಿದ ಹಪ್ಪಳ ಒಳಗೆ ತೆಗೆದುಕೊಳ್ಳುತ್ತಿದ್ದರು.

ಆಮೇಲೆ ಆ ದೊಡ್ಡ ಯುದ್ಧ ಬಂತು. ದಂಡಿನ ಸಾಮಾನು ಹೊರುವ ಹೇಸರಗತ್ತೆ ಹೊಡೆಯಲು ಆಳು ಬೇಕು ಎಂದು ಡಂಗುರ ಸಾರಿದರು. ಇವನು ಹೋದ. ಬಸರಾದಿಂದ ಆಚೆ ಎಲ್ಲೋ ಮರಳಿನಲ್ಲಿ ತೋಪಿನ ಗುಂಡು ಬಿತ್ತು. ಕತ್ತೆ ಸತ್ತಿತು. ಇವನ ಬಲಭುಜದಲ್ಲಿ ಹಿಡಿ ಗಾತ್ರದ ಕಬ್ಬಿಣ ಹೊಕ್ಕಿತು. ಕಬ್ಬಿಣ ಕಿತ್ತರು. ಅದರ ಜೊತೆ ನರವೂ ಹೋಯಿತು. ಕತ್ತೆಯ ವಿಷಯ ಅಂದೇ ತೀರಿತು. ಸತ್ತಿದೆ ಎಂದು ಬರೆದರು, ಅಷ್ಟೇ. ಕತ್ತೆಯನ್ನು ಯಾರೂ ಹೆಚ್ಚಿನ ತಪಾಸಣೆಗೆ ಕರೆಸಲಿಲ್ಲ.

ಅವನು ಬಂದಾಗ ಮನೆಯಲ್ಲಿ ನಾನೊಬ್ಬಳೇ ಇದ್ದೆ. ನನ್ನ ಗಂಡ ಯುದ್ಧ ಮುಗಿದ ವರ್ಷದ ಜ್ವರದಲ್ಲಿ ಹೋಗಿದ್ದ. ಮಕ್ಕಳಿಲ್ಲ. ಬಿಲ್ಲು ತೊಲೆಗೆ ತೂಗಿಕೊಂಡೇ ಇತ್ತು. ನಾನು ಕೊಡತಿ ಎತ್ತಿದೆ. ಹೆಂಗಸು ಹಿಂಜುವುದನ್ನು ನೋಡಲು ಓಣಿಯ ಗಂಡಸರು ಬಾಗಿಲಲ್ಲಿ ನಿಂತರು. ಬೀಡಿ ಸೇದುತ್ತ ನಿಂತರು.

“ನಿಂತ ನೋಡೂದಾದ್ರ ಒಂದ ಚೀಲ ಅರಳಿ ಹೊತ್ತ ಒಳಗ ತರ್ರಿ” ಎಂದೆ. ಮರುದಿನದಿಂದ ಯಾರೂ ನಿಲ್ಲಲಿಲ್ಲ.

ಐವತ್ತು ದಾಟಿದ ಹೆಂಗಸಿಗೆ ಅದು ಹಗುರದ ಕೆಲಸವಲ್ಲ. ಮೂಗಿನಲ್ಲಿ ಅರಳೆ, ಗಂಟಲಿನಲ್ಲಿ ಅರಳೆ, ಕೆಮ್ಮಿದರೆ ಒಂದು ತಲೆದಿಂಬಿಗಾಗುವಷ್ಟು ಅರಳೆ. ಸಂಜೆ ಹೊತ್ತಿಗೆ ಭುಜದ ಕೀಲು ಬಾಗಿಲ ಕೀಲಿನಂತೆ ಕಿರ್ರೆನ್ನುತ್ತಿತ್ತು. ನಾನು ನಗುತ್ತಿದ್ದೆ. ಅತ್ತರೆ ಬಾಯಿ ತೆರೆಯಬೇಕಲ್ಲ, ಇನ್ನಷ್ಟು ಅರಳೆ ಒಳಗೆ ಹೋಗುತ್ತಿತ್ತು.

ಗಾಯಗೊಂಡ ಸೈನಿಕರಿಗೆ ಪಿಂಚಣಿ ಇದೆ ಎಂದು ಹೇಳಿದವನು ಪ್ರಭುದಾಸ. ಹಿಂದಿನ ಓಣಿಯವನು, ಮಿಶನ್ ದವಾಖಾನೆಯಲ್ಲಿ ಔಷಧಿ ಕಲಸುವ ಕೆಲಸ. ಇಂಗ್ಲಿಷು ಬರುತ್ತಿತ್ತು. ಅರ್ಜಿ ಅವನೇ ಬರೆದ. ಆ ಪಿಂಚಣಿ ಬಂದರೆ ನಾನು ಕೊಡತಿ ಕೆಳಗಿಡಬಹುದಿತ್ತು. ನನಗೆ ಬೇಕಾಗಿದ್ದು ಇಷ್ಟೇ.

ಮೊದಲನೆಯ ತಪಾಸಣೆ ಇಸವಿ ಇಪ್ಪತ್ತೊಂದರಲ್ಲಿ, ಧಾರವಾಡದ ಒಂದು ಕಚೇರಿಯಲ್ಲಿ. ಮೇಜಿನ ಆಚೆ ಬಿಳಿ ಡಾಕ್ಟರು. ಈಚೆ ನನ್ನ ತಮ್ಮ. ಮೇಜು ಎಷ್ಟು ಅಗಲವಿತ್ತೆಂದರೆ ಅದರ ಮೇಲೆ ಎರಡು ಎತ್ತಿನ ಬಂಡಿಗಳು ಎದುರುಬದುರು ಹಾಯಬಹುದಿತ್ತು. ಬದಿಯಲ್ಲಿ ಕಾರಕೂನ ಯಜ್ಞೇಶ್ವರರಾಯರು ಕೂತಿದ್ದರು. ಡಾಕ್ಟರು ಇಂಗ್ಲಿಷಿನಲ್ಲಿ ಕೇಳುತ್ತಿದ್ದರು, ರಾಯರು ಕನ್ನಡದಲ್ಲಿ ಕೇಳುತ್ತಿದ್ದರು. ನಾನು ಬಾಗಿಲಲ್ಲಿ ನಿಂತಿದ್ದೆ.

“ಕೈಯಾಗ ನೋವು ಅದ ಏನು?” ಎಂದರು ರಾಯರು.

“ಇಲ್ಲರಿ. ನೋವು ಆಗಬೇಕಂದ್ರ ಅದು ಜೀವಂತ ಇರಬೇಕಲ್ಲರಿ” ಎಂದ ಶಾಬುದ್ದೀನ.

ರಾಯರು ಸಾಹೇಬನ ಕಡೆ ತಿರುಗಿ ಎರಡೇ ಶಬ್ದ ಹೇಳಿದರು. ಸಾಹೇಬ ಬರೆದುಕೊಂಡ. ಮೂರು ತಿಂಗಳ ಮೇಲೆ ಕಾಗದ ಬಂತು: ಅರ್ಜಿದಾರನಿಗೆ ನೋವಿಲ್ಲ, ಹೆಚ್ಚಿನ ವೈದ್ಯಕೀಯ ತಪಾಸಣೆ ಆಗಬೇಕು.

ಮರುವರ್ಷ ಎರಡನೆಯ ತಪಾಸಣೆ. ಅದೇ ಮೇಜು, ಅದೇ ಸಾಹೇಬ. ಹೊರಗೆ ಬಾಂಕಿನ ಮೇಲೆ ಸರದಿಗೆ ಕಾದು ಕೂತಿದ್ದ ನವಲಗುಂದದ ಕಡೆಯ ಸಿಪಾಯಿಯೊಬ್ಬ ತನ್ನ ಕಥೆ ಹೇಳಿದ. ಚಳಿದೇಶದಲ್ಲಿ ಅವನ ಕಾಲಬೆರಳು ಹತ್ತೂ ಉದುರಿ ಹೋಗಿದ್ದವು.

“ಹೋದ ಸಲ ನನಗ ಏನ ಬರದಾರ ಗೊತ್ತೇನವ್ವಾ?” ಎಂದ. “ಅರ್ಜಿದಾರ ಬೂಟು ಹಾಕ್ಕೊಂಡು ಬಂದಾನ, ಹಂಗಾಗಿ ಬೆರಳು ಕಾಣಲಿಲ್ಲ ಅಂತ ಬರದಾರ.”

“ಬೂಟು ಬಿಚ್ಚಬೇಕಾಗಿತ್ತಪ್ಪಾ.”

“ಬಿಚ್ಚು ಅಂತ ಯಾರೂ ಹೇಳಲಿಲ್ಲವ್ವಾ. ಹೇಳದ ಬಿಚ್ಚಿದ್ರ ಮರ್ಯಾದಿ ಇಲ್ಲ ಅಂತಾರ.”

ನಾವು ಇಬ್ಬರೂ ನಕ್ಕೆವು. ಅಷ್ಟರಲ್ಲಿ ನಮ್ಮ ಹೆಸರು ಕೂಗಿದರು. ಶಾಬುದ್ದೀನ ಒಳಗೆ ಹೋಗಿ ತಲೆ ತಗ್ಗಿಸಿ ನಿಂತ. ಸಾಹೇಬ ಪ್ರಶ್ನೆ ಕೇಳಿದ. ರೂಲು ಹಾಕುವ ಕೋಲನ್ನು ಮೇಜಿನಾಚೆಯಿಂದ ಚಾಚಿ ಭುಜದ ಕಡೆ ತೋರಿಸಿದ. ಕೋಲು ಭುಜಕ್ಕೆ ಒಂದು ಗೇಣು ದೂರದಲ್ಲೇ ನಿಂತಿತು. ಹೊರಗೆ ಬರುವಾಗ ಯಜ್ಞೇಶ್ವರರಾಯರು ಹಿಂದಿನಿಂದ ಗದರಿದರು.

“ಎರಡ ಸಲ ಬಂದಿ, ಎರಡ ಸಲನೂ ಸಾಹೇಬರಿಗೆ ಒಂದ ಸಲಾಮು ಇಲ್ಲ. ಕಂಬ ನಿಂತಂಗ ನಿಲ್ತೀ. ಮ್ಯಾಲೆ ಪಿಂಚಣಿ ಬ್ಯಾರೆ ಬೇಕು ಇವಗ.”

ಆ ಮಾತು ನನ್ನ ತಲೆಯಲ್ಲಿ ಮೊಳೆಯಂತೆ ಕೂತಿತು. ಎರಡನೆಯ ಕಾಗದವೂ ಹಿಂದಕ್ಕೆ ಬಂತು. ಪಿಂಜಾರರ ಭುಜ ಕಸುಬಿನಿಂದಲೇ ಸವೆಯುತ್ತದೆ, ಇದು ಯುದ್ಧದ ಗಾಯವೋ ಬಿಲ್ಲಿನ ಗಾಯವೋ ನೋಡಬೇಕು ಎಂದು ಬರೆದಿತ್ತು. ಪ್ರಭುದಾಸ ಓದಿ ಹೇಳಿದ. ನಾನು ನಂಬಲಿಲ್ಲ. ಕಾರಣ ಬಿಲ್ಲಲ್ಲ, ಸಲಾಮು ಎಂದುಕೊಂಡೆ. ಮರ್ಯಾದೆ ಇಲ್ಲದವನಿಗೆ ಸರಕಾರ ಯಾಕೆ ಕೊಟ್ಟೀತು? ನನ್ನ ಬುದ್ಧಿ ಅಷ್ಟೇ ಇತ್ತು. ಬಡವರಿಗೆ ಅನ್ಯಾಯವಾದರೆ ಬಡವರು ಮೊದಲು ತಮ್ಮ ನಡತೆಯನ್ನೇ ತಪಾಸಣೆ ಮಾಡಿಕೊಳ್ಳುತ್ತಾರೆ.

ಎಡಗೈಯಲ್ಲಿ ಸಲಾಮು ಮಾಡಬಹುದಲ್ಲ ಎಂದು ಕೇಳಬೇಡಿ. ನಮ್ಮಲ್ಲಿ ಎಡಗೈ ಸಲಾಮು ಸಲಾಮಲ್ಲ, ಬೈಗುಳ. ಶಾಬುದ್ದೀನ ಹಾಲು ಬಿಡುವ ಮೊದಲೇ ತಾಯಿ ಹೋದಳು. ಉಣ್ಣಲು, ಕೊಡಲು, ತೆಗೆದುಕೊಳ್ಳಲು ಬಲಗೈ ಎಂದು ಕಲಿಸಿದವಳು ನಾನು. ಎಡಗೈ ತಾಟಿನ ಕಡೆ ಬಂದರೆ ಸೌಟಿನಿಂದ ಹೊಡೆಯುತ್ತಿದ್ದೆ. ಕೈ ಸತ್ತ ಮೇಲೂ ಅವನು ನನ್ನ ಮುಂದೆ ಎಡಗೈಯಲ್ಲಿ ಉಣ್ಣಲಿಲ್ಲ. ಗೋಡೆಗೆ ಮುಖ ಮಾಡಿ ಕೂತು ಉಣ್ಣುತ್ತಿದ್ದ.

ಹೀಗಾಗಿ ಸತ್ತ ಕೈಗೆ ಸಲಾಮು ಕಲಿಸುವ ಕೆಲಸ ನಾನೇ ಹಿಡಿದೆ.

ಆರು ತಿಂಗಳು ಹಿಡಿಯಿತು. ಮೈತುಂಬ ಶಾಲು ಹೊದಿಸಿದೆ. ಶಾಲಿನ ಒಳಗೆ ಎಡಗೈ ಬಲಮೊಣಕೈಯನ್ನು ಹಿಡಿಯಬೇಕು. ಸೊಂಟ ತುಸು ಬಲಕ್ಕೆ ತಿರುಗಬೇಕು. ತಲೆ ಬಾಗಬೇಕು. ಆಗ ಎಡಗೈ ಮೊಣಕೈಯನ್ನು ಮೇಲಕ್ಕೆ ನೂಕಬೇಕು. ಸತ್ತ ಕೈ ಎದ್ದು ಹಣೆ ಮುಟ್ಟಿ, ಮೆಲ್ಲಗೆ ಜಾರಿ ಎದೆಯ ಮೇಲೆ ಬರಬೇಕು. ಮೊದಮೊದಲು ಕೈ ಹಣೆ ಬಿಟ್ಟು ಮೂಗಿಗೆ ಬಡಿಯುತ್ತಿತ್ತು. ಒಂದು ಸಲ ಕಣ್ಣು ಬಾತು ಬದನೆಕಾಯಿಯಾಯಿತು.

ಎದುರು ಮನೆಯ ಹುಲಿಗೆವ್ವ, ಸೊಪ್ಪು ಮಾರುವವಳು, ಸಾಹೇಬನಾದಳು. ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಳು.

“ಇನ್ನ ಸ್ವಲ್ಪ ಬಾಗೋ, ತಮ್ಮಾ. ನಾ ಸಾಹೇಬ ಅದೇನಿ, ಮೆಂತ್ಯಾ ಪಲ್ಲೆ ಮಾರಾಕ ಬಂದಿಲ್ಲ.”

“ಸಾಹೇಬರು ತಂಬಾಕ ಜಗಿಯಂಗಿಲ್ಲ, ಹುಲಿಗೆವ್ವಾ. ಮೊದಲ ಅದನ್ನ ಉಗುಳು” ಎಂದ ಶಾಬುದ್ದೀನ.

“ಈ ಸಾಹೇಬ ಜಗೀತಾನ. ನೀ ಸಲಾಮು ಹೊಡಿ, ಇಲ್ಲಂದ್ರ ಹೆಚ್ಚಿನ ತಪಾಸಣಿಗೆ ಹಾಕ್ತೇನಿ ನೋಡು.”

ಅವನು ಮೂವತ್ತು ಸಲ, ನಲವತ್ತು ಸಲ ಮಾಡುತ್ತಿದ್ದ. ಎಡಗೈಯ ರಟ್ಟೆ ನೋಯುತ್ತಿತ್ತು. ಬೆವರು ಗದ್ದದಿಂದ ಇಳಿಯುತ್ತಿತ್ತು. ಕಡೆಕಡೆಗೆ ಅದು ಎಂಥ ಸಲಾಮಾಯಿತೆಂದರೆ ಸವಣೂರಿನ ನವಾಬರು ನೋಡಿದ್ದರೆ ತಮ್ಮ ಮಕ್ಕಳಿಗೆ ಕಲಿಸಲು ಕರೆದುಕೊಂಡು ಹೋಗುತ್ತಿದ್ದರು.

ಇಸವಿ ಇಪ್ಪತ್ಮೂರು, ಜನವರಿ. ಮೂರನೆಯ ತಪಾಸಣೆ. ಶಾಲು ಒಗೆದು ಹೊದಿಸಿ ಕರೆದುಕೊಂಡು ಹೋದೆ. ಶಾಬುದ್ದೀನ ಬಾಗಿಲು ದಾಟಿದ, ನಿಂತ, ತಿರುಗಿದ, ಬಾಗಿದ. ಕೈ ಎದ್ದಿತು. ಹಣೆ ಮುಟ್ಟಿತು. ಜಾರಿ ಎದೆಯ ಮೇಲೆ ಬಂತು. ನನ್ನ ಕಣ್ಣು ತುಂಬಿತು. ಸಾಹೇಬ ನಕ್ಕ. ಮೂರು ತಪಾಸಣೆಯಲ್ಲಿ ಮೊದಲ ಸಲ ನಕ್ಕ. ನಗುತ್ತಲೇ ಬರೆಯಲು ಶುರು ಮಾಡಿದ. ಪ್ರಶ್ನೆಯನ್ನೂ ಕೇಳಲಿಲ್ಲ.

“ಸಾಹೇಬರು ಖುಷ್ ಆಗ್ಯಾರ ನೋಡು” ಎಂದರು ಯಜ್ಞೇಶ್ವರರಾಯರು. “ಮೊದಲ ಹಿಂಗ ಮಾಡಿದ್ರ ಇಷ್ಟ ತಿರುಗ್ಯಾಟ ಇರ್ತಿದ್ದಿಲ್ಲ.”

ಹೊರಗೆ ಬಂದು ಜಿಲೇಬಿ ಕೊಂಡೆ. ಸತ್ತೂರಿನ ಹತ್ತಿರ ಮರದ ಕೆಳಗೆ ಕೂತು ತಿಂದೆವು. ಶಾಬುದ್ದೀನನೂ ನಕ್ಕ. ಅವತ್ತು ಹನ್ನೆರಡು ಮೈಲಿ ನಡೆದದ್ದು ಗೊತ್ತಾಗಲಿಲ್ಲ. ನನ್ನ ಕಾಲು ನೆಲಕ್ಕೆ ತಾಗಲೇ ಇಲ್ಲ.

ಎರಡು ತಿಂಗಳ ಮೇಲೆ ಕಾಗದ ಬಂತು. ನಾನು ಅರಳೆಯಲ್ಲಿ ಮೊಣಕಾಲವರೆಗೆ ಮುಳುಗಿದ್ದೆ. ಪ್ರಭುದಾಸ ಹೊಸ್ತಿಲ ಮೇಲೆ ಕೂತು ಕಾಗದ ಬಿಚ್ಚಿದ. ತನ್ನೊಳಗೇ ಒಂದು ಸಲ ಓದಿದ. ಮಡಚಿದ.

“ಬಂತೇನ ಪಿಂಚಣಿ?” ಎಂದೆ.

“ದೊಡ್ಡವ್ವಾ, ಕೊಡತಿ ಕೆಳಗಿಡು.”

“ಇಟ್ಟೆ. ಓದು.”

ಅವನು ಓದಿದ. ಒಂದೊಂದೇ ಸಾಲು ಕನ್ನಡ ಮಾಡಿ ಹೇಳಿದ. ಅರ್ಜಿದಾರನು ಒಳಗೆ ಬಂದಾಗ ಯಾರ ಸಹಾಯವೂ ಇಲ್ಲದೆ ಬಲಗೈಯನ್ನು ಹಣೆಯವರೆಗೆ ಎತ್ತಿದ್ದನ್ನು ಕಣ್ಣಾರೆ ನೋಡಲಾಗಿದೆ. ಸೋಗು ಹಾಕುತ್ತಿರುವ ಸಂಶಯವಿದೆ. ಹೆಚ್ಚಿನ ವೈದ್ಯಕೀಯ ತಪಾಸಣೆ ಕೊನೆಯ ಸಲ ಆಗಬೇಕು. ಸಂಶಯ ನಿಜವಾದರೆ ಅರ್ಜಿಯನ್ನು ಕಾಯಂ ಮುಚ್ಚಬೇಕು.

ಮನೆಯಲ್ಲಿ ಅರಳೆ ಹಾರುತ್ತಿತ್ತು. ಆಮೇಲೆ ನನಗೆ ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕೆ. ಆರು ತಿಂಗಳು ಬೆವರು ಸುರಿಸಿ ನಾವೇ ನಮ್ಮ ವಿರುದ್ಧ ಸಾಕ್ಷಿ ತಯಾರು ಮಾಡಿದ್ದೆವು. ಒಗೆದ ಶಾಲು ಹೊದಿಸಿ ಧಾರವಾಡದವರೆಗೆ ನಡೆಸಿಕೊಂಡು ಹೋಗಿದ್ದೆವು. ಮೇಲೆ ಜಿಲೇಬಿ ತಿಂದಿದ್ದೆವು.

ಶಾಬುದ್ದೀನ ನಗಲಿಲ್ಲ.

“ಸೋಗು ಅಂತ ಬರದಾನ?” ಎಂದು ಪ್ರಭುದಾಸನನ್ನು ಕೇಳಿದ.

“ಹೂಂ, ಅಣ್ಣಾ.”

“ಇನ್ನೊಮ್ಮೆ ಓದು, ಆ ಸಾಲು.”

ಪ್ರಭುದಾಸ ಓದಿದ. ಶಾಬುದ್ದೀನ ಎದ್ದು ಹೊರಗೆ ಹೋದ.

ಸಂಜೆ ನಾನು ಹೇಳಿದೆ. “ಈ ಸಲ ಎಡಗೈಲೆ ಸಲಾಮು ಮಾಡು. ಬೈಗುಳಾದ್ರ ಆಗಲಿ.”

“ಮಾಡಂಗಿಲ್ಲ.”

“ಯಾಕ? ಸಾಹೇಬ ನಿನ್ನ ಸೋದರಮಾವ ಏನ? ಬೀಗರ ಮನ್ಯಾಗ ಮಾನ ಹೋಗತೈತೇನ?”

“ಬಲಗೈಲೆ ಮಾಡಿದ್ರ ಸೋಗು ಅಂದ್ರು. ಎಡಗೈಲೆ ಮಾಡಿದ್ರ, ಹೋದ ಸಲ ಬಲಗೈ ಎದ್ದಿತ್ತು, ಈ ಸಲ ನಾಟಕ ಮಾಡಾಕತ್ತಾನ ಅಂತಾರ. ಅಕ್ಕಾ, ಹೆಂಗ ಮಾಡಿದ್ರೂ ಅವರ ಕಡೆನ ಲೇಖಣಿ ಐತಿ. ನಾ ಹೋಗಂಗಿಲ್ಲ.”

“ಹೋಗದಿದ್ರ ಉಣ್ಣೂದೇನು?”

“ನೀ ಹಿಂಜತೀಯಲ್ಲ.”

ಹೇಳಿದ ಮೇಲೆ ಅವನೇ ಬಾಯಿ ಮುಚ್ಚಿಕೊಂಡ. ನಿಜ ಹೇಳಿದವನಿಗೆ ಏನು ಅನ್ನುವುದು?

ಆ ವರ್ಷ ಗಬ್ಬೂರಿನ ಒಂದು ಮದುವೆ ಮನೆಯಿಂದ ಎಂಟು ಗಾದಿಗಳ ಕೆಲಸ ಬಂತು. ಹಳೆಯ ಅರಳೆ. ಹಳೆಯ ಅರಳೆ ಎಂದರೆ ಕಲ್ಲು. ಹದಿನೈದು ದಿನ ಬಡಿದೆ. ಬಿಲ್ಲಿನ ದನಿ ಕಿವಿಯಲ್ಲೇ ಮನೆ ಮಾಡಿತು. ಉಂಡರೂ ಢಂಯ್, ಮಲಗಿದರೂ ಢಂಯ್. ಏಳನೆಯ ಗಾದಿಗೆ ನನ್ನ ಬಲಭುಜ ಬಾತುಕೊಂಡಿತು. ಎಂಟನೆಯ ಗಾದಿ ಹೇಗೆ ಮುಗಿಸಿದೆನೋ ಗೊತ್ತಿಲ್ಲ. ಮರುದಿನ ಬೆಳಿಗ್ಗೆ ರೊಟ್ಟಿ ಮುರಿಯಲು ಹೋದೆ. ಕೈ ತಾಟಿನವರೆಗೆ ಬಂತು, ಬಾಯಿಯವರೆಗೆ ಏಳಲಿಲ್ಲ. ಎರಡು ಸಲ ನೋಡಿದೆ. ಹಸಿವಾಗಿತ್ತು. ಎಡಗೈಯಲ್ಲಿ ತುತ್ತು ಎತ್ತಿ ಬಾಯಿಗಿಟ್ಟುಕೊಂಡೆ.

ಶಾಬುದ್ದೀನ ನೋಡುತ್ತಿದ್ದ. ಸೌಟಿನಿಂದ ಹೊಡೆದು ಬೆಳೆಸಿದ ಅಕ್ಕ ಎಡಗೈಯಲ್ಲಿ ಉಣ್ಣುವುದನ್ನು ನೋಡುತ್ತಿದ್ದ. ನಾನು ಹಲ್ಲು ಬಿಟ್ಟೆ.

“ಏನ ನೋಡತಿ? ಸೌಟು ಅಲ್ಲೇ ಐತಿ. ಹೊಡಿ, ಬೇಕಾದ್ರ.”

ಅವನು ಸೌಟು ಮುಟ್ಟಲಿಲ್ಲ. ನನ್ನ ಎದುರಿಗೆ ಬಂದು ಕೂತ. ಗೋಡೆಗೆ ಮುಖ ಮಾಡಲಿಲ್ಲ. ಅದೇ ತಾಟಿನಲ್ಲಿ ಎಡಗೈ ಹಾಕಿ ಉಂಡ. ಉಂಡು ಮುಗಿಸಿ ಹೇಳಿದ.

“ತಪಾಸಣಿ ಯಾವತ್ತು ಐತಿ?”

ನಾಲ್ಕನೆಯ ತಪಾಸಣೆಗೆ ನಾವು ಮೂವರು ಹೋದೆವು. ಪ್ರಭುದಾಸನನ್ನು ನಾನೇ ಕರೆದುಕೊಂಡೆ. ಬರೆದದ್ದನ್ನು ಎರಡು ತಿಂಗಳು ಕಾಯದೆ ಅಲ್ಲೇ ತಿಳಿದುಕೊಳ್ಳಬೇಕಾಗಿತ್ತು. ದಾರಿಯುದ್ದಕ್ಕೂ ಶಾಬುದ್ದೀನನನ್ನು ಕೇಳಿದೆ, ಏನು ಮಾಡುತ್ತೀಯ ಎಂದು. “ನೋಡೂಣು” ಎಂದ. ಹನ್ನೆರಡು ಮೈಲಿಯಲ್ಲಿ ಅದೊಂದೇ ಮಾತು.

ಹೆಸರು ಕೂಗಿದರು. ಬಾಗಿಲಲ್ಲಿ ಅವನು ಶಾಲು ತೆಗೆದು ನನ್ನ ಕೈಗೆ ಕೊಟ್ಟ. ಒಳಗೆ ಅಂಗಿಯೂ ಇರಲಿಲ್ಲ. ಬಲಭುಜದಲ್ಲಿ ಹಳ್ಳ, ಬಟ್ಟಲು ಇಡುವಷ್ಟು ದೊಡ್ಡ ಹಳ್ಳ. ಅದರ ಕೆಳಗೆ ಸೊರಗಿದ ಕೈ, ತನ್ನದಲ್ಲದ ಮೈಗೆ ಕಟ್ಟಿದಂತೆ ತೂಗುತ್ತಿತ್ತು. ಹಾಗೆಯೇ ನಡೆದು ಮೇಜಿನ ಮುಂದೆ ನಿಂತ. ತಲೆ ತಗ್ಗಿಸಲಿಲ್ಲ.

ಸಾಹೇಬ ಲೇಖಣಿ ಹಿಡಿದು ಕಾಯುತ್ತಿದ್ದ. ಕಣ್ಣು ಬಲಗೈಯ ಮೇಲೆ. ಏಳುತ್ತದೆಯೋ ಎಂದು ಕಾಯುತ್ತಿದ್ದ.

“ಸಲಾಮು ಎಲ್ಲಿ?” ಎಂದರು ಯಜ್ಞೇಶ್ವರರಾಯರು.

ಶಾಬುದ್ದೀನ ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದ. ಎತ್ತಿದ. ಒಂದು ಹೆಜ್ಜೆ ಮುಂದಿಟ್ಟು ಬಾಗಿ ಅದನ್ನು ಮೇಜಿನ ಮೇಲೆ, ಸಾಹೇಬ ಬರೆಯಬೇಕಾಗಿದ್ದ ಹಾಳೆಯ ಮೇಲೆ ಇಟ್ಟ. ಅಂಗೈ ಮೇಲಾಗಿ ಬಿತ್ತು. ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ.

“ಏ, ಕೈ ತೆಗಿ” ಎಂದರು ರಾಯರು.

“ತೆಗಿಯಾಕ ಬರಂಗಿಲ್ಲರಿ. ಅದಕ್ಕ ಬಂದೇನಿ.”

“ಎಡಗೈಲೆ ಎತ್ತಿ ತೆಗಿಯೋ.”

“ಎಡಗೈದು ಅರ್ಜಿ ಇಲ್ಲರಿ.”

ಹೊರಗಿನ ಬಾಂಕು ಖಾಲಿಯಾಯಿತು. ಕುಂಟರು, ಕುರುಡರು, ಬೂಟು ಬಿಚ್ಚಿದವರು, ಬಿಚ್ಚದವರು, ಎಲ್ಲರೂ ಬಾಗಿಲಿಗೆ ಬಂದರು. ನನ್ನ ಬೆನ್ನಿಗೆ ಅವರ ಉಸಿರು ತಾಗುತ್ತಿತ್ತು.

ಸಾಹೇಬ ಹಾಳೆ ಎಳೆದ. ಮೂಲೆ ಹರಿಯಿತು. ಕೋಲು ತೆಗೆದು ಕೈಯನ್ನು ನೂಕಿದ. ಕೈ ಹೊರಳಿತು, ಮತ್ತೆ ಹೊರಳಿ ಅಲ್ಲೇ ಬಂತು. ಅವನ ಮುಖ ಕೆಂಪಗಾಯಿತು. ರಾಯರ ಕಡೆ ತಿರುಗಿ ಏನೋ ಹೇಳಿದ. ಎತ್ತಿ ತೆಗೆಯಿರಿ ಎಂದಿರಬೇಕು. ರಾಯರು ಧೋತರದ ಅಂಚು ಸರಿಸಿಕೊಂಡು ಕುರ್ಚಿ ಹಿಂದಕ್ಕೆ ಎಳೆದುಕೊಂಡರು. ಕಾಗದ ಕೊಡುವಾಗಲೂ ನಮ್ಮ ಅಂಗೈಗೆ ಮೇಲಿನಿಂದ ಬೀಳಿಸುವ ಮನುಷ್ಯ.

“ಮುಟ್ರಿ, ರಾಯರ” ಎಂದೆ. “ಮನಿಗೆ ಹೋದ ಮ್ಯಾಲೆ ಹೆಂಗೂ ಜಳಕ ಮಾಡ್ತೀರಿ. ಇವತ್ತ ಎರಡ ತಂಬಿಗಿ ಹೆಚ್ಚಿಗಿ ಹಾಕ್ಕೊಳ್ರಿ.”

ಬಾಗಿಲಲ್ಲಿ ಯಾರೋ ನಕ್ಕರು. ಪ್ರಭುದಾಸ ಪಾಪದವನು, ಸಹಾಯ ಮಾಡಲು ಮುಂದೆ ಹೊರಟ. ಅವನ ಅಂಗಿ ಹಿಡಿದು ಎಳೆದೆ.

“ನೀ ಓದಾಕ ಬಂದಿ. ಎತ್ತಾಕ ಅಲ್ಲ.”

ಆಗ ನನಗೆ ಫಕ್ಕನೆ ಹೊಳೆಯಿತು. ಮೂರು ವರ್ಷ. ನಾಲ್ಕು ವೈದ್ಯಕೀಯ ತಪಾಸಣೆ. ಇವತ್ತಿನವರೆಗೆ ಈ ಕೋಣೆಯಲ್ಲಿ ಒಬ್ಬನೂ ನನ್ನ ತಮ್ಮನ ಕೈ ಮುಟ್ಟಿರಲಿಲ್ಲ.

“ಶಾಬುದ್ದೀನ” ಎಂದರು ರಾಯರು, ದನಿ ಮೆತ್ತಗೆ ಮಾಡಿ. “ಸಾಹೇಬರು ಹೇಳ್ಲಿಕ್ಕತ್ತಾರ, ನಿನ್ನ ಕೇಸು ಬೆಳಗಾವಿಗೆ ಕಳಸ್ತಾರಂತ. ಅಲ್ಲೆ ದೊಡ್ಡ ಡಾಕ್ಟರು ಇದ್ದಾರ. ಅಲ್ಲೆ ಹೆಚ್ಚಿನ ತಪಾಸಣಿ ಆಗ್ತದ. ಈಗ ಕೈ ತಗೊಂಡು ಹೋಗು.”

“ಹೋಗಂಗಿಲ್ಲರಿ.”

“ಏನಂದಿ?”

“ಬೆಳಗಾವಿಗೆ ಹೋಗಂಗಿಲ್ಲ. ಇಲ್ಲಿಂದನೂ ಹೋಗಂಗಿಲ್ಲ. ಇನ್ನೊಂದ ತಪಾಸಣಿಗೆ ನಾ ಬರಂಗಿಲ್ಲ. ಕೈ ನಿಮ್ಮ ಮುಂದ ಐತಿ. ನಿಮ್ಮ ಯುದ್ಧಕ್ಕ ಕೊಟ್ಟ ಕೈ ಇದು. ನೋಡ್ರಿ. ನೋಡಿ ಬರೀರಿ. ಬರದ ಮ್ಯಾಲೆ ತಗೊಂಡು ಹೋಗ್ತೇನಿ.”

ಅವನು ಜೋರಾಗಿ ಹೇಳಲಿಲ್ಲ. ಅರಳೆಯ ದರ ಹೇಳುವ ದನಿಯಲ್ಲಿ ಹೇಳಿದ. ರಾಯರು ಅದನ್ನು ಇಂಗ್ಲಿಷ್ ಮಾಡಬೇಕೋ ಬೇಡವೋ ಎಂದು ಬಾಯಿ ತೆರೆದು ಕೂತರು. ಪ್ರಭುದಾಸ ಬಾಗಿಲಿನಿಂದಲೇ ಪೂರ್ತಿ ಇಂಗ್ಲಿಷ್ ಮಾಡಿ ಹೇಳಿದ. ಒಂದು ಶಬ್ದವನ್ನೂ ಬಿಡಲಿಲ್ಲ ಎಂದು ಆಮೇಲೆ ನನಗೆ ಆಣೆ ಮಾಡಿದ.

ಸಾಹೇಬ ಎದ್ದ. ಆ ಮೇಜನ್ನು ಸುತ್ತಿ ಈಚೆ ಬಂದ. ಮೂರು ವರ್ಷ ಹಿಡಿದಿದ್ದ ಪ್ರಯಾಣ ಅದು. ನಾಲ್ಕು ಹೆಜ್ಜೆಯಲ್ಲಿ ಮುಗಿಯಿತು. ಸತ್ತ ಇಲಿಯ ಬಾಲ ಹಿಡಿದಂತೆ ಎರಡು ಬೆರಳಿನಿಂದ ಮಣಿಕಟ್ಟು ಹಿಡಿದು ಎತ್ತಿದ. ಕೈ ಜಾರಿ ದಪ್ಪೆಂದು ಬಿತ್ತು. ಮಸಿಕುಡಿಕೆ ಹಾರಿತು. ಶಾಬುದ್ದೀನನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಸಾಹೇಬ ಅವನ ಮುಖ ನೋಡಿದ. ಆಮೇಲೆ ಎರಡೂ ಕೈ ಹಾಕಿದ. ಒಂದು ಮೊಣಕೈಯ ಕೆಳಗೆ, ಇನ್ನೊಂದು ಅಂಗೈಯ ಕೆಳಗೆ. ಎತ್ತಿದ. ಅದರ ಭಾರಕ್ಕೆ ಅವನ ಹುಬ್ಬು ಏರಿತು. ಅವನ ಬೆರಳು ಮೆಲ್ಲಗೆ ರಟ್ಟೆಯ ಮೇಲೆ ಹೋಯಿತು, ಭುಜಕ್ಕೆ ಹೋಯಿತು, ಆ ಹಳ್ಳದೊಳಗೆ ಇಳಿಯಿತು. ಒಳಗೆ ಏನೋ ಹುಡುಕಿತು. ಸಿಗಲಿಲ್ಲ. ಕೋಟಿಗೆ ಚುಚ್ಚಿದ್ದ ಟಾಚಣಿ ತೆಗೆದು ಬೆರಳಿನ ತುದಿಗೆ ಚುಚ್ಚಿದ. ಇನ್ನೊಂದು ಬೆರಳಿಗೆ ಚುಚ್ಚಿದ. ಐದೂ ಬೆರಳಿಗೆ ಚುಚ್ಚಿದ. ಸಣ್ಣ ಸಣ್ಣ ರಕ್ತದ ಹನಿ ಬಂದವು. ಶಾಬುದ್ದೀನ ಕಿಟಕಿಯ ಹೊರಗೆ ಯಾರೋ ಕುದುರೆಗೆ ನೀರು ಕುಡಿಸುವುದನ್ನು ನೋಡುತ್ತಿದ್ದ.

ಕೋಣೆಯಲ್ಲಿ ಯಾರೂ ಕೆಮ್ಮಲಿಲ್ಲ. ನಾನೂ ಕೆಮ್ಮಲಿಲ್ಲ, ಅರಳೆ ತುಂಬಿದ ಎದೆ ಅದನ್ನು ಹೇಗೆ ತಡೆದುಕೊಂಡಿತೋ.

ಸಾಹೇಬನ ದನಿ ಬೇರೆಯಾಗಿತ್ತು. ಕೈ ಬಿಡದೆಯೇ ಮಾತಾಡತೊಡಗಿದ. ರಾಯರು ಮುಂದೆ ಬಾಗಿ, ತಮಗೆ ಯಾವುದೂ ತಾಗದಂತೆ ಮಸಿ ಸಿಡಿದ ಆ ಹಾಳೆ ಎಳೆದುಕೊಂಡು ಬರೆಯತೊಡಗಿದರು.

“ಏನಂತಾನ?” ಎಂದು ಪ್ರಭುದಾಸನನ್ನು ಕೇಳಿದೆ.

“ಬಲಗೈ ಪೂರ್ತಿ ಹೋಗೇತಿ ಅಂತಾರ, ದೊಡ್ಡವ್ವಾ. ಯುದ್ಧದ ಗಾಯದಿಂದನ ಹೋಗೇತಿ. ಕಾಯಂ. ಇನ್ನ ತಪಾಸಣಿ ಬ್ಯಾಡ ಅಂತ ಬರಸಾಕತ್ತಾರ.”

“ರಾಯರು ಹಂಗ ಬರದಾರೇನ ನೋಡು.”

ಪ್ರಭುದಾಸ ಕತ್ತು ಚಾಚಿ ನೋಡಿದ. “ಬರದಾರ.”

“ಇನ್ನೊಮ್ಮೆ ನೋಡು.”

“ಬರದಾರ, ದೊಡ್ಡವ್ವಾ. ಹಂಗ ಐತಿ.”

ಬರೆದು ಮುಗಿಯಿತು. ರಾಯರು ಹಾಳೆಯನ್ನು ಸಾಹೇಬನ ಕಡೆ ತಳ್ಳಿ ಸಹಿ ಮಾಡುವ ಜಾಗ ತೋರಿಸಿದರು. ಸಾಹೇಬ ಶಾಬುದ್ದೀನನ ಕಡೆ ನೋಡಿದ. ಕೈ ತೆಗೆದುಕೋ ಎಂಬಂತೆ ಅದನ್ನು ತುಸು ಮುಂದೆ ಚಾಚಿದ. ಬಿಟ್ಟುಬಿಡಬಹುದಿತ್ತು. ಎರಡು ನಿಮಿಷದ ಹಿಂದೆ ಬಿಟ್ಟಿದ್ದ. ಈಗ ಬಿಡಲಿಲ್ಲ. ಗಾಯವನ್ನು ಮುಟ್ಟಿ ನೋಡಿದ ಡಾಕ್ಟರನ ಕೈ ಅದನ್ನು ಬೀಳಿಸಲು ಒಪ್ಪಲಿಲ್ಲವೋ ಏನೋ.

ಶಾಬುದ್ದೀನನ ಎಡಗೈ ಬೆನ್ನ ಹಿಂದೆಯೇ ಇತ್ತು.

“ಮೊದಲ ಸಹಿ ಮಾಡ್ರಿ” ಎಂದ.

ಸಾಹೇಬ ನನ್ನ ತಮ್ಮನ ಕೈಯನ್ನು ತನ್ನ ಎಡತೋಳಿನ ಮೇಲೆ ಹೊತ್ತುಕೊಂಡ. ಬಲಗೈಯಲ್ಲಿ ಲೇಖಣಿ ಹಿಡಿದ. ಲೇಖಣಿ ತಾಗಿದಂತೆ ಹಾಳೆ ಮೇಜಿನ ಮೇಲೆ ಜಾರತೊಡಗಿತು. ಒತ್ತಿ ಹಿಡಿಯಲು ಅವನಿಗೆ ಇನ್ನೊಂದು ಕೈ ಇರಲಿಲ್ಲ. ರಾಯರ ಕಡೆ ನೋಡಿದ. ರಾಯರು ಸತ್ತ ಕೈಯಿಂದ ದೂರ ಸರಿದು ಗೋಡೆಗೆ ಆತುಕೊಂಡಿದ್ದರು. ಬಾಗಿಲಿನ ಕಡೆ ನೋಡಿದ. ನಾವು ಇಪ್ಪತ್ತು ಮಂದಿ ನಿಂತಿದ್ದೆವು. ಯಾರೂ ಹಿಡಿಯಲಿಲ್ಲ. ಹಾಳೆ ಜಾರುತ್ತ ಹೋಯಿತು, ಸಾಹೇಬ ಅದರ ಹಿಂದೆ ಹೆಜ್ಜೆ ಸರಿಸುತ್ತ, ಒಂದೊಂದೇ ಅಕ್ಷರ ಬರೆಯುತ್ತ, ಮೇಜಿನ ಅಂಚಿನವರೆಗೆ ಹೋಗಿ ಸಹಿ ಮುಗಿಸಿದ.